ತೌಡಿಗೆ ಮಾರಿದ ಕೂಸು

ಕೊಕ್ಕನೂರು
೧೨ ಆಗಸ್ಟ್ ೧೯೫೮

ಮಗಳೇ ನಾಗರತ್ನ,

ಕ್ಷೇಮ ಅಂತ ಬರೆಯುವುದು ಪದ್ಧತಿ. ಮೊಣಕಾಲು ಬಿಟ್ಟು ಮಿಕ್ಕದ್ದೆಲ್ಲ ಕ್ಷೇಮ. ನಿನ್ನ ಗಂಡ ಗುತ್ತೆಪ್ಪ ಬರೆದ ಕಾಗದ ಬಂತು. ಮಿಲ್ಲಿನಲ್ಲಿ ನೂಲು ನೋಡಿ ನೋಡಿ ಅವನ ಅಕ್ಷರವೂ ನೂಲಿನ ಹಾಗೇ ಆಗಿದೆ, ತುದಿ ಯಾವುದು ಬುಡ ಯಾವುದು ತಿಳಿಯುವುದಿಲ್ಲ. ನಿನಗೆ ಏಳು ತುಂಬಿತು ಎನ್ನುವುದೊಂದು ತಿಳಿಯಿತು. ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಬಿಟ್ಟವಳು. ನನ್ನ ಅಕ್ಷರ ಅವರೇಕಾಳಿನಷ್ಟು ದಪ್ಪ, ಆದರೂ ಓದಬಹುದು. ಗಮನವಿಟ್ಟು ಓದು.

ಒಂಬತ್ತು ಬೀಳುತ್ತಲೇ ಊರಿಗೆ ಬಂದುಬಿಡು. ಸೂಲಗಿತ್ತಿ ಕೆಂಚಕ್ಕನಿಗೆ ಹೇಳಿಟ್ಟಿದ್ದೇನೆ. ನೀನು ಹುಟ್ಟಿದಾಗ ಎತ್ತಿಕೊಂಡವಳು ಅವಳೇ. ನಿನ್ನ ಅವ್ವ ಕಣ್ಣು ಮುಚ್ಚಿದ ಮೇಲೆ ನಿನ್ನನ್ನು ತಂದು ನನ್ನ ಮಡಿಲಿಗೆ ಹಾಕಿದವಳೂ ಅವಳೇ.

ಈಗ ಮುಖ್ಯ ಮಾತು. ನಿನ್ನ ಎರಡು ಕೂಸು ಹೋದವು. ಮೊದಲನೆಯವಳಿಗೆ ಚಂದ್ರವ್ವ ಅಂತ ಚೆಂದದ ಹೆಸರಿಟ್ಟೆವು. ಎಂಟನೇ ತಿಂಗಳಲ್ಲಿ ಜ್ವರ ಬಂದು ಹೋದಳು. ಎರಡನೆಯವಳು ಹೆಸರಿಡುವ ತನಕವೂ ಕಾಯಲಿಲ್ಲ. ಚೆಂದದ ಹೆಸರು ಕೇಳಿದರೆ ಜವರಾಯನ ಕಿವಿ ನಿಮಿರುತ್ತದೆ. ಆದ್ದರಿಂದ ಈ ಕೂಸನ್ನು ತೌಡಿಗೆ ಮಾರಬೇಕು. ಹುಟ್ಟಿದ ಕೂಸನ್ನು ಯಾರು ಮೊದಲು ಕೈಗೆತ್ತಿಕೊಳ್ಳುತ್ತಾರೋ ಅವರು ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳಬೇಕು. ಕೊಂಡವರು ಇಟ್ಟದ್ದೇ ಹೆಸರು. ಹೆತ್ತವರು ಅದನ್ನು ತಿದ್ದುವ ಹಾಗಿಲ್ಲ. ವರ್ಷ ತುಂಬುವುದರೊಳಗೆ ತೌಡು ಹಿಂದಕ್ಕೆ ಕೊಟ್ಟು ಬಿಡಿಸಿಕೊಳ್ಳಬೇಕು. ಆಗ ಕೊಂಡವರೇ ಮನಸ್ಸು ಮಾಡಿದರೆ ಬೇರೆ ಹೆಸರು, ಇಲ್ಲದಿದ್ದರೆ ಅದೇ ಕಾಯಂ.

ನನ್ನ ಅಣ್ಣನನ್ನು ಹೀಗೆ ಮಾರಿದ್ದರು. ತೌಡಪ್ಪ ಅಂತ ಹೆಸರು. ಎಂಬತ್ತು ದಾಟಿ, ಇಬ್ಬರು ಹೆಂಡಿರನ್ನು ಮುಂದೆ ಕಳಿಸಿ, ತಾನು ಸಾವಕಾಶವಾಗಿ ಹೋದ. ಕೆಂಚಕ್ಕ ನಿನ್ನ ಕೂಸಿಗೆ ತಿಪ್ಪವ್ವ ಅಂತ ಇಡುತ್ತಾಳೆ, ಮಾತಾಗಿದೆ. ತಿಪ್ಪೆಯನ್ನು ಯಾರೂ ಕದ್ದೊಯ್ಯುವುದಿಲ್ಲ. ನೀನು ಮಿಡ್ಲ್ ಸ್ಕೂಲು ಓದಿದವಳು ಅಂತ ಮೂಗು ಮುರಿಯಬೇಡ. ಇನ್ನೊಂದು ಕುಣಿ ತೋಡಿಸುವ ಶಕ್ತಿ ನನಗೆ ಉಳಿದಿಲ್ಲ.

ನಿನ್ನ ದಾರಿ ನೋಡುತ್ತಿರುವ ಅಜ್ಜಿ,
ಓಬವ್ವ


ಆವರಗೆರೆ
೬ ಅಕ್ಟೋಬರ್ ೧೯೫೮

ಅಜ್ಜಿಗೆ ಕಾಲಿಗೆ ಬಿದ್ದು ನಾಗರತ್ನ ಬರೆಯುವುದು.

ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದೇವೆ. ಇದನ್ನು ಮೊದಲು ಬರೆದುಬಿಟ್ಟೆ, ನೀನು ಉಸಿರು ಬಿಡಲಿ ಅಂತ.

ಊರಿಗೇ ಹೊರಟಿದ್ದೆವು ಅಜ್ಜಿ. ದಾವಣಗೆರೆಯಲ್ಲಿ ರೈಲು ಹತ್ತಿ ಹರಿಹರದಲ್ಲಿ ಇಳಿದೆವು. ಅಲ್ಲಿಂದ ಗಾಡಿ ಮಾಡಬೇಕು ಎನ್ನುವಷ್ಟರಲ್ಲಿ ಸ್ಟೇಷನ್ನಿನಲ್ಲೇ ನೋವು ಶುರುವಾಯಿತು. ಇವರು ಜಟಕಾದಲ್ಲಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಸಿಸಿಲಿಯಮ್ಮ ಅಂತ ಒಬ್ಬ ನರ್ಸು. ಕ್ರೈಸ್ತರು. ಕೂಸನ್ನು ಮೊದಲು ಎತ್ತಿಕೊಂಡವರು ಅವರು.

ನೀನು ಬರೆದದ್ದನ್ನು ಇವರು ಬಾಯಿಪಾಠ ಮಾಡಿಕೊಂಡಿದ್ದರು. ಹೋಗಿ ಅವರ ಮುಂದೆ ನಿಂತು, "ನರ್ಸಮ್ಮ, ಈ ಕೂಸನ್ನ ನೀವು ಕೊಂಡ್ಕಾಬೇಕ್ರಿ" ಅಂದರು. ಆಕೆ ಗಾಬರಿಯಾಗಿ, "ಮಾರೋದಾದ್ರೆ ಪೊಲೀಸ್ರನ್ನ ಕರೀತೀನಿ" ಅಂದರು. "ದುಡ್ಡಿಗಲ್ರಿ, ತೌಡಿಗೆ" ಅಂತ ಇವರು. ಅರ್ಥ ಮಾಡಿಸುವ ಹೊತ್ತಿಗೆ ಸಾಕಾಯಿತು. ನರ್ಸಮ್ಮನ ಹತ್ತಿರ ತೌಡು ಎಲ್ಲಿಂದ ಬರಬೇಕು? ಇವರೇ ಪೇಟೆಗೆ ಓಡಿ, ಮೊರವನ್ನೂ ತೌಡನ್ನೂ ತಂದು ಅವರ ಕೈಗೆ ಕೊಟ್ಟು, ಮತ್ತೆ ಅವರ ಕೈಯಿಂದ ಇಸಿದುಕೊಂಡರು. ವಾರ್ಡಿನವರೆಲ್ಲ ನಕ್ಕರು. ನಾನೂ ನಕ್ಕೆ.

ಹೆಸರಿಡುವಾಗ ಆಕೆ ನಗಲಿಲ್ಲ. ಮಂಚದ ಮೇಲೆ ಕೂತು, "ನಿನ್ನ ಮನಸ್ನಾಗೆ ಏನೈತೆ ಹೇಳವ್ವ" ಅಂದರು. ಹೋದ ಇಬ್ಬರ ವಿಷಯ ಹೇಳಿದೆ. ಎರಡನೆಯವಳಾಗಿ ಬಂದದ್ದು ಮೊದಲನೆಯವಳೇ ಅಂತ ನನಗೆ ಅನ್ನಿಸಿದ್ದನ್ನೂ ಹೇಳಿದೆ. ಆಕೆ, "ಲ್ಯಾಟಿನ್ ಅಂತ ಒಂದು ಹಳೇ ಭಾಷೆ ಐತೆ. ಅದ್ರಾಗೆ ರೆನಾಟಾ ಅಂತ ಹೆಸರು. ಮತ್ತೆ ಹುಟ್ಟಿದಾಕಿ ಅಂತ ಅರ್ಥ" ಅಂದರು.

ಅಜ್ಜಿ, ನನಗೆ ಅಳು ತಡೆಯಲಿಲ್ಲ. ನಾನು ಯಾರಿಗೂ ಹೇಳಲಾರದೆ ಇಟ್ಟುಕೊಂಡಿದ್ದ ಮಾತಿಗೆ ಎಲ್ಲೋ ಒಂದು ಭಾಷೆಯಲ್ಲಿ ಹೆಸರು ಇತ್ತಲ್ಲ. ಇವಳ ಮೈಮೇಲೆ ಚಂದ್ರಿಯ ಗುರುತು ಕೂಡ ಇದೆ. ಎಲ್ಲಿ ಅಂತ ಬರೆಯುವುದಿಲ್ಲ, ದೃಷ್ಟಿಯಾದೀತು.

ಕೊಕ್ಕನೂರಿನ ರಸ್ತೆ ಮಳೆಗೆ ಕಿತ್ತುಹೋಗಿದೆ, ಹಸಿ ಬಾಣಂತಿ ಗಾಡಿ ಹತ್ತಬಾರದು ಅಂದರು. ಅದಕ್ಕೇ ರೈಲಿನಲ್ಲಿ ವಾಪಸು ಬಂದೆ. ಇವರ ಅಕ್ಕ ನಾಗಕ್ಕ ಬಾಣಂತನ ಮಾಡುತ್ತಿದ್ದಾರೆ. ನೀನೇ ಬಂದು ನೋಡು. ಅವಳು ಬಂದಿದ್ದಾಳೆ ಅಜ್ಜಿ.

ನಿನ್ನ ಮೊಮ್ಮಗಳು,
ನಾಗರತ್ನ


ಕೊಕ್ಕನೂರು
೧೫ ಅಕ್ಟೋಬರ್ ೧೯೫೮

ನಾಗರತ್ನ,

ಕೂಸು ಚೆನ್ನಾಗಿದೆ ಎನ್ನುವಲ್ಲಿಗೆ ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಮುಂದಿನದನ್ನು ಓದಿ ಒಲೆಯ ಮುಂದೆ ಕೂತುಬಿಟ್ಟೆ. ಅನ್ನ ಸೀದು ಹೋಯಿತು. ವಾಸನೆಗೆ ಕೆಂಚಕ್ಕ ಓಡಿ ಬಂದಳು.

"ಕೂಸು ಚಲೋ ಐತೆ ಅಂತೀಯ, ಮತ್ಯಾಕ ಹಿಂಗೆ ಕುಂತೀಯ ಓಬವ್ವ?"

"ಹೆಸರಿಟ್ಟಾರೆ."

"ಏನಂತ?"

"ಹೋದಾಕಿ ತಿರುಗಿ ಬಂದಾಳೆ ಅಂತ."

ಅವಳು ಬಾಯಿಗೆ ಸೆರಗು ಹಿಡಿದಳು. ಎಷ್ಟೋ ಕೂಸುಗಳನ್ನು ಎತ್ತಿಕೊಂಡ ಹೆಂಗಸು, ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಿನಗೆ ಹೇಳಬೇಕಾಗಿದೆ. ತಿಪ್ಪವ್ವ ಅಂತ ಯಾಕೆ ಇಡಿಸಲು ಹೊರಟಿದ್ದೆ? ಇವಳು ಬೇರೆ, ಆ ಮನೆಯವಳಲ್ಲ, ಎಲ್ಲೋ ತೌಡಿಗೆ ಸಿಕ್ಕವಳು ಅಂತ ಜವರಾಯನ ಕಣ್ಣು ತಪ್ಪಿಸಲು. ನೀನು ಬಾಗಿಲಲ್ಲಿ ನಿಂತು, ಹಳೆಯವಳೇ ಬಂದಿದ್ದಾಳೆ ಅಂತ ಡಂಗುರ ಹೊಡೆಸಿದೆ. ಒಮ್ಮೆ ಹೋಗಿ ಬಂದವಳು ಅಂದರೆ ಹೋಗುವ ದಾರಿ ಅವಳಿಗೆ ಗೊತ್ತು ಅಂತಲೇ ಆಯಿತಲ್ಲ.

ಹೋದವಳು ಹೋದಳು ರತ್ನಿ. ನನ್ನ ಕೈಯಾರೆ ಸ್ನಾನ ಮಾಡಿಸಿ ಕಳಿಸಿದ್ದೇನೆ. ನಾನು ಹೆತ್ತವರಲ್ಲಿ ಉಳಿದವಳು ನಿನ್ನ ಅವ್ವ ಒಬ್ಬಳೇ, ಅವಳೂ ನಿಲ್ಲಲಿಲ್ಲ. ಯಾರೂ ತಿರುಗಿ ಬಂದದ್ದನ್ನು ಈ ಕಣ್ಣು ಕಂಡಿಲ್ಲ.

ಕೊಂಡವರು ಇಟ್ಟದ್ದೇ ಹೆಸರು ಎನ್ನುವ ಕಟ್ಟಳೆಯನ್ನು ನಿನಗೆ ಬರೆದವಳೂ ನಾನೇ. ಈಗ ಅದನ್ನು ಮುರಿ ಅಂತ ಹೇಗೆ ಬರೆಯಲಿ? ಆ ಹೆಸರು ಇರುವ ತನಕ ನಾನು ಆವರಗೆರೆಗೆ ಬರುವುದಿಲ್ಲ. ಬಂದರೆ ಕೂಸನ್ನು ಕರೆಯಬೇಕಾಗುತ್ತದೆ. ನನ್ನ ಬಾಯಿಂದ ಆ ಹೆಸರು ಬರಲಾರದು.

ಬಾಣಂತಿ ತಣ್ಣೀರು ಮುಟ್ಟಬೇಡ. ನಾಗಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಓಬವ್ವ


ಆವರಗೆರೆ
೨೨ ಫೆಬ್ರವರಿ ೧೯೫೯

ಅಜ್ಜಿ,

ಇಷ್ಟು ತಿಂಗಳು ಬರೆಯಲಿಲ್ಲ. ಸಿಟ್ಟಿತ್ತು. ದೀಪಾವಳಿಗೆ ನೀನು ಗಾಡಿಯ ಇಮಾಮ್ ಸಾಬರ ಕೈಲಿ ಕಳಿಸಿದ ಕೊಬ್ಬರಿ, ಬೆಲ್ಲ ಮುಟ್ಟಿತು. ಅದಕ್ಕೂ ಎರಡಕ್ಷರ ಹಾಕಲಿಲ್ಲ.

ಈಗ ಬರೆಯುತ್ತಿರುವುದು ಸಿಟ್ಟು ಇಳಿಯಿತು ಅಂತಲ್ಲ. ಭಯಕ್ಕೆ.

ಕೂಸು ಬೋರಲು ಬೀಳುತ್ತಾಳೆ, ನಗುತ್ತಾಳೆ. ಚಂದ್ರಿಯ ಕುಲಾವಿಯನ್ನೇ ಹಾಕಿದ್ದೇನೆ, ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ. ಮೊದಮೊದಲು ಅದನ್ನು ನೋಡಿ ಸಂತೋಷವಾಗುತ್ತಿತ್ತು. ಬೋರಲು ಬಿದ್ದಾಗ, ಚಂದ್ರಿಯೂ ಇದೇ ವಯಸ್ಸಿಗೆ ಬಿದ್ದಳಲ್ಲ ಅಂದುಕೊಂಡೆ. ಗಿಲಕಿ ಹಿಡಿದಾಗ, ಚಂದ್ರಿಯೂ ಹೀಗೇ ಹಿಡಿದಳಲ್ಲ. ಆಮೇಲೆ ಎಂಟನೇ ತಿಂಗಳು ನೆನಪಾಯಿತು. ಇವಳು ಅವಳೇ ಆದರೆ ಇವಳ ಎಂಟನೇ ತಿಂಗಳೂ ಅದೇ ಅಲ್ಲವಾ ಅಜ್ಜಿ?

ಇವಳು ಸೀನಿದರೆ ನಾನು ಕೂಗಿಕೊಳ್ಳುತ್ತೇನೆ. ಇವರು ಮಿಲ್ಲಿನಿಂದ ಬಂದವರು ಬಾಗಿಲಲ್ಲೇ ನಿಂತು ಮೊದಲು ನನ್ನ ಮುಖ ನೋಡುತ್ತಾರೆ. ನಿನ್ನೆ ನಾಗಕ್ಕ ಗದರಿಸಿದರು. "ನಾನೂ ನೋಡ್ತಾನೇ ಇದೀನಿ, ನೀನು ಕೂಸಿನ ಮುಖ ನೋಡೋದಿಲ್ಲ. ಯಾವಾಗ ನೋಡಿದ್ರೂ ಕಿವಿ ಹಿಂದೆ ನೋಡ್ತೀಯ. ಏನೈತೆ ಅಲ್ಲಿ?"

ನಿನಗಾದರೂ ಹೇಳಿಬಿಡುತ್ತೇನೆ. ಬಲಗಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ರಾಗಿಕಾಳಿನಷ್ಟು ಒಂದು ಕರಿ ಮಚ್ಚೆ. ಚಂದ್ರಿಗೆ ಅಲ್ಲೇ ಇತ್ತು. ಎರಡನೆಯವಳಿಗೂ ಅಲ್ಲೇ. ಇವಳಿಗೂ ಅಲ್ಲೇ. ಇದಕ್ಕೆ ಏನನ್ನುತ್ತೀಯ?

ಹೆಸರು ಬದಲಿಸು ಅಂತ ನೀನು ಅಂದರೆ ಬದಲಿಸಲಾರೆ. ಬದಲಿಸಿದರೆ ಚಂದ್ರಿಯನ್ನು ನಾನೇ ಹೊರಗೆ ಹಾಕಿದ ಹಾಗೆ. ಇಟ್ಟುಕೊಂಡರೆ ಇವಳನ್ನು ಅದೇ ದಾರಿಗೆ ಕಳಿಸಿದ ಹಾಗೆ. ನೀನು ಹೇಳು.

ನಾಗರತ್ನ


ಕೊಕ್ಕನೂರು
೯ ಮಾರ್ಚ್ ೧೯೫೯

ಮಗಳೇ,

ಕಾಗದ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಇಮಾಮ್ ಸಾಬ್ ಹರಿಹರಕ್ಕೆ ಭತ್ತದ ಗಾಡಿ ಹೊಡೆಯುತ್ತಾನೆ. ಮೂಟೆಗಳ ಮೇಲೆ ನಾನೂ ಒಂದು ಮೂಟೆಯಾಗಿ ಹೋದೆ. ಹೆಸರು ತೆಗೆಯುವ ಹಕ್ಕು ಕೊಂಡವಳಿಗೆ ಮಾತ್ರ. ಅದಕ್ಕೇ ನಿನ್ನ ನರ್ಸಮ್ಮನ ಹತ್ತಿರ ಹೋದೆ.

ಜಗಳ ಕಟ್ಟಿಕೊಂಡೇ ಹೋಗಿದ್ದೆ. ಆಕೆ ಬೆಂಚು ಒರೆಸಿ, "ಕೂಡ್ರಿ ಅಜ್ಜಿ, ಕಾಲು ನೋಯ್ತಾವೇನು?" ಅಂದಳು. ಕಾಲು ನೋಯುತ್ತಿತ್ತು, ಕೂತೆ. ಕೂತ ಮೇಲೆ ಜಗಳದ ಅರ್ಧ ಹೋಯಿತು.

"ಅಂಥಾ ಹೆಸರು ಯಾಕಿಟ್ಟೆವ್ವ?" ಅಂದೆ.

"ಅಳ್ತಿದ್ದಳು ಅಜ್ಜಿ. ಸಮಾಧಾನ ಆಗ್ಲಿ ಅಂತ ಇಟ್ಟೆ."

ನೀನು ಬರೆದದ್ದನ್ನೆಲ್ಲ ಹೇಳಿದೆ. ಆಕೆಯ ಮುಖ ಸಣ್ಣದಾಯಿತು. ಒಳ್ಳೆಯ ಹೆಂಗಸು, ಬೈಯಲು ಮನಸ್ಸು ಬರಲಿಲ್ಲ. ಆ ಲ್ಯಾಟಿನ್ ಯಾರ ಮಾತು ಅಂತ ಕೇಳಿದೆ. ಈಗ ಯಾರೂ ಮನೆಯಲ್ಲಿ ಆಡುವುದಿಲ್ಲವಂತೆ, ಅವರ ಪಾದ್ರಿಗಳು ಪೂಜೆಯಲ್ಲಿ ಹೇಳುತ್ತಾರಂತೆ, ನಮ್ಮ ಸಂಸ್ಕೃತ ಇದ್ದ ಹಾಗೆ. ಆಕೆಯ ಚಿಕ್ಕಪ್ಪ ಪಾದ್ರಿ. ಮನೆಮಂದಿಯ ಹೆಸರಿನ ಅರ್ಥವನ್ನೆಲ್ಲ ಆತನೇ ಹೇಳಿಕೊಟ್ಟದ್ದಂತೆ.

"ಹಂಗಾರೆ ನಿಮ್ಮ ಮನ್ಯಾಗಿರೋರ ಹೆಸರು ಹೇಳು, ಕೇಳಾನ."

"ನಮ್ಮಕ್ಕ ರೆಜಿನಾ. ರಾಣಿ ಅಂತ ಅರ್ಥ."

"ರಾಣಿ ಏನು ಮಾಡ್ತಾಳೆ?"

"ನಾಕು ಎಮ್ಮೆ ಕಟ್ಯಾಳೆ. ತಮ್ಮ ವಿಕ್ಟರ್. ಗೆದ್ದೋನು ಅಂತ."

"ಏನು ಗೆದ್ದ?"

"ಇನ್ನೂ ಏನೂ ಇಲ್ಲ ಅಜ್ಜಿ, ರೈಲ್ವೆ ಗೇಟು ಹಾಕ್ತಾನೆ. ತಂಗಿ ಕ್ಲಾರಾ, ಬೆಳ್ಳಗೆ ಹೊಳಿಯೋಳು. ನನಗಿಂತ ಒಂದು ಕೈ ಕಪ್ಪು."

"ಎಲ್ಲಾ ಚೆಂದದ್ದೇ ಇಟ್ಟೀರಿ. ಜವರಾಯ ನಿಮ್ಮ ಕಡೆ ಬರೋದಿಲ್ಲೇನು?"

"ಬರ್ತಾನಜ್ಜಿ. ಎಲ್ಲಾ ಚೆಂದದ್ದಲ್ಲ. ಅತ್ತೆ ಮಗಳು ಪೌಲಿನಾ, ಸಣ್ಣಾಕಿ ಅಂತ. ಕ್ಲಾಡಿಯಾ ಅಂತ ಒಂದು ಐತೆ, ಕುಂಟಿ ಅಂತ ಅರ್ಥ."

ನಾನು ನೆಟ್ಟಗೆ ಕೂತೆ. "ನಿಂದು?"

"ಸಿಸಿಲಿಯಾ. ಕುರುಡಿ ಅಂತ."

ರತ್ನಿ, ಎಷ್ಟೋ ವರ್ಷದ ಮೇಲೆ ನಾನು ಬಾಯಿ ಬಿಟ್ಟು ನಕ್ಕೆ. ಕಣ್ಣಲ್ಲಿ ನೀರು ಬಂತು. ಸಮುದ್ರದ ಆಚೆ, ಯಾವ ಕಾಲದಲ್ಲೋ, ಒಬ್ಬ ತಾಯಿ ತನ್ನ ಕೂಸಿಗೆ ಕುರುಡಿ ಅಂತ ಹೆಸರಿಟ್ಟಿದ್ದಾಳೆ. ಇನ್ನೊಬ್ಬಳು ಕುಂಟಿ ಅಂತ. ಯಾಕೆ ಇಟ್ಟರು ಅಂದರೆ ನರ್ಸಮ್ಮನಿಗೆ ಗೊತ್ತಿಲ್ಲ. ಯಾವುದೋ ದೊಡ್ಡ ಮನೆತನದ ಹೆಸರು ಅಂತ ಚಿಕ್ಕಪ್ಪ ಹೇಳಿದ್ದನಂತೆ. ಪಾದ್ರಿಗೆ ಏನು ತಿಳಿಯುತ್ತದೆ, ಹೆತ್ತವನೇ, ಹೂಳಿದವನೇ? ನನಗೆ ತಿಳಿಯಿತು. ಅವರಲ್ಲೂ ತಿಪ್ಪವ್ವ ಇದ್ದಾಳೆ.

"ಹಂಗಾರೆ ನಿನ್ನ ಹೆಸರೇ ನನ್ನ ಮರಿಮಗಳಿಗೆ ಕೊಡು" ಅಂದೆ. "ತಾಯಿ ಬಂದು ಕೇಳಿದ್ರೆ ಕೊಡ್ತೀನಜ್ಜಿ, ಅವಳ ಕಣ್ಣೀರಿಗೆ ಕೊಟ್ಟಿದ್ದನ್ನ ನಿಮ್ಮ ಮಾತಿಗೆ ತೆಗಿಯೋಕಾಗೋದಿಲ್ಲ" ಅಂದಳು. ಸರಿಯಾದ ಮಾತೇ. ಇನ್ನು ನಿನಗೆ ಬಿಟ್ಟದ್ದು.

ಈಗ ಮಚ್ಚೆಯ ವಿಷಯ. ಅಕ್ಟೋಬರಿನಲ್ಲೇ ಎಲ್ಲಿದೆ ಅಂತ ಬರೆದಿದ್ದರೆ ಆಗಲೇ ಉತ್ತರ ಬರೆಯುತ್ತಿದ್ದೆ.

ನಿನ್ನ ಬಲಗಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ರಾಗಿಕಾಳಿನಷ್ಟು ಒಂದು ಮಚ್ಚೆ ಇದೆ. ನೀನು ನೋಡಿಲ್ಲ. ಯಾರು ತಾನೇ ತಮ್ಮ ಕಿವಿಯ ಹಿಂದೆ ನೋಡಿಕೊಳ್ಳುತ್ತಾರೆ? ನಿನಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಜಡೆ ಹಾಕಿದವಳು ನಾನು. ನಿನ್ನ ಅವ್ವನಿಗೂ ಅಲ್ಲೇ ಇತ್ತು. ನನಗೂ ಇದೆಯಂತೆ, ನನ್ನ ಅವ್ವ ಹೇಳುತ್ತಿದ್ದಳು. ಆ ಲೆಕ್ಕದಲ್ಲಿ ಯಾರು ಯಾರಾಗಿ ಬಂದಿದ್ದೇವೆ? ನಾನು ಇನ್ನೂ ಇಲ್ಲೇ ಕೂತು ಕೆಮ್ಮುತ್ತಿದ್ದೇನಲ್ಲ. ಅದು ನಮ್ಮ ಹೆಂಗಸರ ಮೈಯ ಗುರುತು. ಚಂದ್ರಿಗೂ ಬಂದಿತ್ತು, ಇವಳಿಗೂ ಬಂದಿದೆ, ಮೂಗು ಬಂದ ಹಾಗೆ.

ನನ್ನ ಮಾತು ನಂಬಬೇಡ. ಗುತ್ತೆಪ್ಪನಿಗೆ ಕಿವಿಯ ಹಿಂದೆ ನೋಡಲು ಹೇಳು.

ಅಜ್ಜಿ ಓಬವ್ವ


(ಕಾರ್ಡು)
ಕೊಕ್ಕನೂರು
೨೦ ಏಪ್ರಿಲ್ ೧೯೫೯

ನಾಗರತ್ನ, ಉತ್ತರ ಇಲ್ಲ. ದಾವಣಗೆರೆ ಕಡೆಯಿಂದ ಯಾರು ಬಂದರೂ ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಮಾತಾಡಿಸುತ್ತೇನೆ. ಕೂಸು ಇದೆಯಾ ಅಂತ ಒಂದೇ ಅಕ್ಷರ ಹಾಕು. ಹೆಸರಿನ ವಿಷಯ ಕೇಳುತ್ತಿಲ್ಲ. ಓಬವ್ವ


ಆವರಗೆರೆ
೪ ಜೂನ್ ೧೯೫೯

ಅಜ್ಜಿ,

ಇದ್ದಾಳೆ.

ನಿನ್ನ ಕಾರ್ಡು ಬಂದ ದಿನವೇ ಬರೆಯಬಹುದಿತ್ತು. ಬರೆದರೆ ದೃಷ್ಟಿಯಾಗುತ್ತದೆ ಅಂತ ಎಂಟು ತಿಂಗಳು ಕಳೆಯುವ ತನಕ ಪೆನ್ನು ಮುಟ್ಟಲಿಲ್ಲ. ನಿನಗೆ ಎಷ್ಟು ಸಂಕಟವಾಗಿರಬಹುದು ಅಂತ ಈಗ ತಿಳಿಯುತ್ತಿದೆ. ಬೈ.

ಮಾರ್ಚಿನ ಕಾಗದ ಬಂದ ಮೇಲೆ ಅದನ್ನು ಡಬ್ಬಿಯಲ್ಲಿಟ್ಟು ಎಷ್ಟೋ ದಿನ ಸುಮ್ಮನಿದ್ದೆ. ಯಾಕೆ ಅಂದರೆ ಇವರಿಗೆ ತೋರಿಸಿ, ಮಚ್ಚೆ ಇಲ್ಲ ಅಂದುಬಿಟ್ಟರೆ? ಇದೆ ಅಂದುಬಿಟ್ಟರೆ? ಎರಡಕ್ಕೂ ಹೆದರಿಕೆ. ಕೊನೆಗೆ ಒಂದು ಭಾನುವಾರ ಅಂಗಳದಲ್ಲಿ ತಲೆ ಒಣಗಿಸುತ್ತಾ ಕೂತಿದ್ದಾಗ, "ಏನ್ರೀ, ನನ್ನ ಬಲಗಿವಿ ಹಿಂದೆ ಏನಾದ್ರೂ ಐತಾ ನೋಡ್ರಿ" ಅಂದೆ. ಇವರು ಕೂದಲು ಸರಿಸಿ ನೋಡಿದರು.

"ಮಚ್ಚೆ ಐತೆ. ಯಾಕ?"

"ಎಷ್ಟು ದೊಡ್ಡದು?"

"ರಾಗಿಕಾಳಷ್ಟು. ಇಷ್ಟು ವರ್ಷ ಸಂಸಾರ ಮಾಡಿ ನಾನೂ ನೋಡಿರ್ಲಿಲ್ಲ ನೋಡು."

ಬೆರಳಿಟ್ಟು ತೋರಿಸಿ ಅಂದೆ. ಇಟ್ಟರು. ಅಲ್ಲೇ ಅಜ್ಜಿ. ಚಂದ್ರಿಗೆ ನಾನು ಮುತ್ತು ಕೊಡುತ್ತಿದ್ದ ಜಾಗ. ನಾನು ಅಳುವುದನ್ನು ನೋಡಿ ನಾಗಕ್ಕ ಇವರಿಗೆ ಬೈದರು, ತಲೆ ಒಣಗಿಸೋ ಹೆಂಗಸಿಗೆ ಏನಂದೆಯೋ ಅಂತ. ಕೂಸು ಚಾಪೆಯ ಮೇಲೆ ಕೂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು. ಆವತ್ತು ಅದರ ಮುಖ ನೋಡಿದೆ. ಚಂದ್ರಿಯ ಕಣ್ಣು ಸಣ್ಣವು. ಇವಳ ಕಣ್ಣು ದೊಡ್ಡವು, ಹುಬ್ಬು ಇವರ ಹಾಗೆ ಕೂಡಿಕೊಂಡಿವೆ. ಇಷ್ಟು ತಿಂಗಳು ನಾನು ಇದನ್ನು ನೋಡಿರಲಿಲ್ಲ.

ಆಮೇಲೆ ರೆನಾಟಾ ಅಂತ ಕರೆಯಲಾಗುತ್ತಿಲ್ಲ. ಕರೆದಾಗಲೆಲ್ಲ ಇವಳ ತಲೆಯ ಮೇಲಿಂದ ಆಚೆ ಯಾರನ್ನೋ ಕರೆದ ಹಾಗಾಗುತ್ತದೆ. ಹರಿಹರಕ್ಕೆ ಹೋಗಿ ನರ್ಸಮ್ಮನ ಹತ್ತಿರ ಅವರ ಹೆಸರನ್ನೇ ಕೇಳುತ್ತೇನೆ. ಸಿಸಿಲಿಯಾ. ನಾಗಕ್ಕನಿಗೆ ಅರ್ಥ ಹೇಳಿದೆ. "ಇಷ್ಟಗಲ ಕಣ್ಣು ಇಟ್ಕೊಂಡ ಕೂಸಿಗೆ ಕುರುಡಿ ಅಂತೀರಾ?" ಅಂದರು. "ಅದಕ್ಕೇ" ಅಂದೆ.

ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತಿದೆ. ಇವಳು ಇವಳಾದರೆ ಚಂದ್ರಿ ಎಲ್ಲಿ ಅಜ್ಜಿ? ಇಷ್ಟು ದಿನ ಇವಳೊಳಗೆ ಇಟ್ಟುಕೊಂಡಿದ್ದೆ. ಈಗ ಅವಳಿಗೆ ಇರಲು ಜಾಗವೇ ಇಲ್ಲ.

ತೌಡು ಕೊಟ್ಟು ಬಿಡಿಸಿಕೊಳ್ಳಲು ನೀನು ಹರಿಹರಕ್ಕೆ ಬರಬೇಕು.

ನಾಗರತ್ನ


ಕೊಕ್ಕನೂರು
೧೨ ಜೂನ್ ೧೯೫೯

ಮಗಳೇ ರತ್ನಿ,

ಇದ್ದಾಳೆ ಅಂತ ಮೇಲೆಯೇ ಬರೆದೆಯಲ್ಲ, ಅಲ್ಲಿಗೇ ಸಾಕಾಗಿತ್ತು. ಮಿಕ್ಕದ್ದನ್ನು ಮಾರನೇ ದಿನ ಓದಿದೆ. ಬೈಯುವಷ್ಟು ಉಸಿರಿಲ್ಲ, ಬಾಕಿ ಇಟ್ಟುಕೋ.

ನಾನು ಬರಲಾರೆ. ಮಾರ್ಚಿನಲ್ಲಿ ಮೂಟೆಯ ಮೇಲೆ ಕೂತು ಹೋದದ್ದಕ್ಕೆ ಮೊಣಕಾಲು ಇನ್ನೂ ಹಗೆ ಸಾಧಿಸುತ್ತಿದೆ. ಬಿಡಿಸಿಕೊಳ್ಳುವ ಕೆಲಸ ನೀನೇ ಮಾಡು. ಹೆಸರನ್ನೂ ನೀನೇ ಕೇಳಿ ಇಸಿದುಕೋ. ನಾನು ಸಾಕಷ್ಟು ಹೆಸರಿಟ್ಟಿದ್ದೇನೆ, ಅವುಗಳಲ್ಲಿ ಎಷ್ಟೋ ಹೆಸರನ್ನು ಈಗ ಕರೆದರೆ ಓ ಅನ್ನುವವರಿಲ್ಲ.

ಸಿಸಿಲಿಯಾ ಒಳ್ಳೆಯ ಹೆಸರು. ಕೆಂಚಕ್ಕನಿಗೆ ಒಂದೇ ಅನುಮಾನ. "ನಮ್ಮ ಜವರಾಯಗೆ ಲ್ಯಾಟಿನ್ ಬರ್ತೈತಾ? ಬರದಿದ್ರೆ ಚೆಂದದ್ದು ಅಂದ್ಕಂಡಾನು" ಅನ್ನುತ್ತಾಳೆ. ಅದೂ ನಿಜವೇ. ಅದಕ್ಕೆ ನಾನು ಇಲ್ಲಿಂದ ಕನ್ನಡದಲ್ಲೇ ಕುರುಡಿ ಅಂತ ಕರೆಯುತ್ತೇನೆ. ಎರಡೂ ಕಡೆ ಕಾವಲು ಆಯಿತು. ಶಾಲೆಗೆ ಸೇರಿಸುವ ಹೊತ್ತಿಗೆ ನಾನಿರುವುದಿಲ್ಲ, ಆಗ ನಿಮಗೆ ಬೇಕಾದ್ದು ಬರೆಸಿಕೊಳ್ಳಿ.

ಈ ಕಾಗದ ತರುವ ಇಮಾಮ್ ಸಾಬ್ ಒಂದು ಚೀಲ ತೌಡು ತರುತ್ತಾನೆ. ಹೊಸ ಭತ್ತದ್ದು, ಜರಡಿ ಹಿಡಿದಿದ್ದೇನೆ. ಗುತ್ತೆಪ್ಪ ಈ ಸಲ ಪೇಟೆಗೆ ಓಡುವುದು ಬೇಡ. ನರ್ಸಮ್ಮನ ಕೈಗೆ ಮೊರ ತುಂಬ ಹಾಕಿ, ಮಿಕ್ಕದ್ದನ್ನು ಆಕೆಯ ಅಕ್ಕ, ಆ ರಾಣಿಯ ಎಮ್ಮೆಗಳಿಗೆ ಕಳಿಸು.

ಚೀಲದ ಬಾಯಲ್ಲಿ ಒಂದು ಗಂಟಿದೆ. ಅದರಲ್ಲಿ ಕೆಂಪು ಬಟ್ಟೆಯ ಹೊಸ ಕುಲಾವಿ. ಕಣ್ಣು ಮಂಜು, ಹೊಲಿಗೆ ಓರೆಯಾಗಿದೆ. ಅಳತೆ ಗೊತ್ತಿಲ್ಲದೆ ಹೊಲಿದದ್ದು, ದೊಡ್ಡದಾದರೆ ಆಗಲಿ, ಅವಳು ಬೆಳೆಯುತ್ತಾಳೆ.

ಹಳೆಯ ಕುಲಾವಿಯನ್ನು ಒಗೆಯಬೇಡ. ಇದ್ದ ಹಾಗೇ ಮಡಚಿ ಇಮಾಮ್ ಸಾಬನ ಕೈಗೆ ಕೊಡು. ಚಂದ್ರಿ ಎಲ್ಲಿ ಅಂತ ಕೇಳಿದೆಯಲ್ಲ. ಅವಳನ್ನು ನನ್ನ ಹತ್ತಿರ ಕಳಿಸು. ನನಗೆ ಈಗ ಬೇರೆ ಕೆಲಸವಿಲ್ಲ, ನೋಡಿಕೊಳ್ಳುತ್ತೇನೆ. ನೀನು ಇವಳನ್ನು ನೋಡಿಕೋ.

ನಿನ್ನ ಅಜ್ಜಿ,
ಓಬವ್ವ